ಅವನ ಯಂತ್ರದಿಂದ ಬಂದ ಪ್ರಶ್ನೆಗಳು

"ಇದಕ್ಕೆ ಮುಂಚೆ ಏನು ಕೆಲಸ ಮಾಡ್ತಿದ್ರಿ?"

"ಜನರಿಗೆ ಹೆಸರಿಡೋ ಕೆಲಸ."

ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಸಭೆ ಸೇರಿದ್ದ ಬೀದಿಯವರೆಲ್ಲ ನಕ್ಕರು. ಪ್ರಶ್ನೆ ಕೇಳಿದ ಅವಳು ಮಾತ್ರ ನಗಲಿಲ್ಲ. ಅಚ್ಚಿಗೆ ಹೋಗುವ ಪ್ರತಿಯೊಂದು ಸಾಲನ್ನೂ ಸಂಶಯದಿಂದ ಓದಿ ತಪ್ಪು ಹೆಕ್ಕುವುದು ಅವಳ ವೃತ್ತಿ. ಕರಡು ತಿದ್ದುವವರಿಗೆ ಆಡಿದ ಮಾತಿಗಿಂತ ನುಂಗಿದ ಮಾತು ಮೊದಲು ಕಾಣುತ್ತದೆ.

"ಅಂದ್ರೆ? ಬಿಡಿಸಿ ಹೇಳಿ."

ಎದುರಿಗೆ ಕುಳಿತವನು ಬೀದಿಯ ಮೂಲೆಯ ಕನ್ನಡಕದ ಅಂಗಡಿಯನ್ನು ತನ್ನ ಸೋದರತ್ತೆಯಿಂದ ವಹಿಸಿಕೊಂಡು ಈಚೆಗೆ ಬಂದವನು. ಅವನು ಹೇಳಿದ.

"ಎಲ್ಲರೂ ಬಳಸ್ತಾರಲ್ಲ, ಆ ದೊಡ್ಡ ಹುಡುಕಾಟದ ಕಂಪನಿ, ಅದರ ಜಾಹೀರಾತು ವಿಭಾಗದಲ್ಲಿದ್ದೆ. ಜನ ಏನೇನು ಹುಡುಕ್ತಾರೆ ಅಂತ ನೋಡಿ ಅವರನ್ನ ಗುಂಪು ಮಾಡ್ತಿದ್ವಿ. ಗುಂಪಿಗೊಂದು ಹೆಸರು ಇಡಬೇಕಿತ್ತು. 'ಹೊಸದಾಗಿ ತಾಯಿಯಾದವರು', 'ಕೆಲಸ ಕಳ್ಕೊಂಡವರು', 'ಮನೇಲಿ ರೋಗಿ ಇರೋರು'..."

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

ಮನೇಲಿ ರೋಗಿ ಇರೋರು...

ಕೆಲವು ವರ್ಷಗಳ ಹಿಂದೆ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಆಸ್ಪತ್ರೆಯ ವರದಿ ಮೊದಲು ಸಿಕ್ಕಿದ್ದು ಅವಳ ಕೈಗೆ. ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಮನೆಯ ಕಂಪ್ಯೂಟರಿನಲ್ಲಿ ಆ ಕಾಯಿಲೆಯ ಹೆಸರನ್ನು ಹುಡುಕಿದ್ದಳು. ಹೇಳಲು ಧೈರ್ಯ ಕೂಡಿಸಿಕೊಳ್ಳುತ್ತಿರುವಾಗಲೇ ಅಮ್ಮ ಟ್ಯಾಬ್ ಹಿಡಿದು ಅಡುಗೆಮನೆಗೆ ಬಂದಿದ್ದಳು.

"ಏನೇ ಇದು? ಬೆಳಗ್ಗೆಯಿಂದ ಬರೀ ಕೂದಲಿನ ಟೋಪನ್ ಜಾಹೀರಾತು. ಕೊನೆಗಾಲದಲ್ಲಿ ನೋಡ್ಕೊಳ್ಳೋ ನರ್ಸು ಬೇಕಾ ಅಂತಾನೂ ಕೇಳ್ತಿದೆ. ನನಗೇನಾಗಿದೆಯೇ?"

ಅಮ್ಮ ಬದುಕಿದಳು. ಆದರೆ ಆ ಪ್ರಶ್ನೆ ಮಗಳ ಎದೆಯಲ್ಲಿ ಹಾಗೆಯೇ ಉಳಿಯಿತು. ತನ್ನ ಸಂಕಟವನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದು ಮನುಷ್ಯನಿಗೆ ಉಳಿದಿರುವ ಕೊನೆಯ ಸ್ವಾತಂತ್ರ್ಯ. ಅದನ್ನು ಕದ್ದು ಮಾರುವವರನ್ನು ವ್ಯಾಪಾರಿಗಳೆಂದು ಕರೆಯುವುದು ವ್ಯಾಪಾರಕ್ಕೇ ಅವಮಾನ.

ಆ ಸಿಟ್ಟಿನಿಂದ ಹುಟ್ಟಿದ್ದು ನೆರೆಜಾಲ.

ಅದಕ್ಕೆ ಯಜಮಾನನಿಲ್ಲ. ಬೀದಿಯ ಒಂದೊಂದು ಮನೆ, ಒಂದೊಂದು ಅಂಗಡಿಯ ಕಂಪ್ಯೂಟರ್ ಯಂತ್ರವೂ ಅಂತರ್ಜಾಲದ ಪುಟಗಳ ಒಂದಿಷ್ಟು ಪಾಲನ್ನು ಓದಿ, ಯಾವ ಮಾತು ಎಲ್ಲಿದೆಯೆಂದು ಗುರುತಿಟ್ಟುಕೊಳ್ಳುತ್ತದೆ. ಯಾರಾದರೂ ಏನಾದರೂ ಹುಡುಕಿದರೆ ಯಂತ್ರಗಳು ಪರಸ್ಪರ ಕೇಳಿಕೊಂಡು ಉತ್ತರ ಹೊಂದಿಸುತ್ತವೆ. ಕೇಳಿದ್ದನ್ನು ಯಾರೂ ಬರೆದಿಡುವುದಿಲ್ಲ. ಬೇರೆ ಊರುಗಳಲ್ಲಿಯೂ ಇಂಥ ಬೀದಿಗಳಿದ್ದವು, ಒಂದಕ್ಕೊಂದು ಕೈಹಿಡಿದಿದ್ದವು.

"ನೀವು ಯಾಕೆ ನಮ್ಮ ಜೊತೆ ಸೇರಬೇಕು?" ಎಂದು ಅವಳು ಕೇಳಿದಳು. "ನಿಮ್ಮನ್ನ ನಂಬೋದಕ್ಕೆ ಒಂದು ಕಾರಣ ಕೊಡಿ."

"ಯಾರನ್ನೂ ನಂಬಬೇಕಾಗದ ಹಾಗೆ ಕಟ್ಟಿದೀರಿ ಅಂತ ಕೇಳಿದ್ದೆ."

"ಒಳ್ಳೇ ಉತ್ತರ ಕೊಟ್ಟ ಕಣೆ," ಎಂದರು ಅವಳ ಚಿಕ್ಕಪ್ಪ. ಮುದ್ರಣಾಲಯ ಅವರದು, ಅವಳು ಅಲ್ಲಿಯೇ ಕೆಲಸ ಮಾಡುತ್ತಿದ್ದಳು. ಪಕ್ಕದ ಹೊಲಿಗೆ ಅಂಗಡಿಯಾಕೆ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು.

ನೆರೆಜಾಲದಲ್ಲಿ ಒಂದು ಕಟ್ಟುಪಾಡಿತ್ತು. ಹೊಸ ಯಂತ್ರ ಸೇರಿದಾಗ ಅದರ ವ್ಯವಹಾರವೆಲ್ಲ ಕೆಲಕಾಲ ಹಳೆಯ ಸದಸ್ಯರೊಬ್ಬರ ಯಂತ್ರದ ಮೂಲಕವೇ ಹಾದುಹೋಗಬೇಕು. ಸುಳ್ಳು ಪುಟಗಳನ್ನು ತುರುಕಲು ಬಂದ ಯಂತ್ರವಾಗಿದ್ದರೆ ಅಲ್ಲಿಯೇ ತಡೆಯಬಹುದು. ಇದಕ್ಕೆ ಜಾಮೀನು ನಿಲ್ಲುವುದು ಎನ್ನುತ್ತಿದ್ದರು. ಜಾಮೀನು ನಿಂತವರು ಹೊಸಬರು ಕೊಡುವ ಪುಟಗಳನ್ನು ಪರೀಕ್ಷಿಸಬಹುದು. ಅವರು ಹುಡುಕಲು ಕೇಳುವ ಪ್ರಶ್ನೆಗಳನ್ನು ನೋಡಬಾರದು. ನೋಡಲಾಗದು ಎಂದಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲವೂ ಕಾಣುತ್ತಿತ್ತು. ಒತ್ತುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟಿದ್ದರು, ಅಷ್ಟೇ.

"ಇವರಿಗೆ ಜಾಮೀನು ಯಾರು ನಿಲ್ತೀರಿ?" ಎಂದು ಚಿಕ್ಕಪ್ಪ ಕೇಳಿದರು.

"ನಾನು," ಎಂದಳು ಅವಳು.

ಎಲ್ಲರೂ ಅದನ್ನು ದೊಡ್ಡ ಮನಸ್ಸೆಂದು ತಿಳಿದರು. ಅವನೂ ಹಾಗೆಯೇ ತಿಳಿದು, ಹೋಗುವಾಗ ಬಾಗಿಲಲ್ಲಿ ನಿಂತು ಕೃತಜ್ಞತೆ ಹೇಳಿದ. ಅವಳು ತಲೆಯಾಡಿಸಿದಳು.

ಕಳ್ಳನ ಮನೆಗೆ ಬೀಗ ನಾನೇ ಹಾಕ್ತೀನಿ... ಎಂದುಕೊಂಡಳು ಮನಸ್ಸಿನಲ್ಲಿ.

*

ಆದರೆ ಕಳ್ಳನಂತೆ ಅವನು ನಡೆದುಕೊಳ್ಳಲೇ ಇಲ್ಲ. ಅವನ ಯಂತ್ರ ಒಂದು ಸುಳ್ಳು ಪುಟವನ್ನೂ ಕೊಡಲಿಲ್ಲ. ಸಭೆಗೆ ಹೇಳಿದ ಹೊತ್ತಿಗೆ ಬರುತ್ತಿದ್ದ. ಕೆಟ್ಟುಹೋದ ಯಂತ್ರಗಳನ್ನು ಸರಿಮಾಡುತ್ತಿದ್ದ. ಅಮ್ಮನ ಕನ್ನಡಕ ಬದಲಿಸಿ ಕೊಟ್ಟ. ಅಂದಿನಿಂದ ಅಮ್ಮ ಒಂದೇ ಸಮನೆ ಶುರುಮಾಡಿದಳು.

"ನೀನೂ ಹೋಗಿ ಕಣ್ಣು ತೋರಿಸ್ಕೊ. ಕರಡನ್ನ ಮೂಗಿಗೆ ಅಂಟಿಸ್ಕೊಂಡು ಓದ್ತಿದೀಯ."

"ಅವನ ಹತ್ರಾನಾ?"

"ಅವನು ಕಣ್ಣು ನೋಡ್ತಾನೆ ಕಣೆ, ಮನಸ್ಸು ನೋಡಲ್ಲ. ಅದನ್ನ ಬೇಕಾದ್ರೆ ಇಲ್ಲೇ ಬಿಟ್ಟು ಹೋಗು, ನಾನು ಕಾಯ್ತೀನಿ."

ಅವನ ಅಂಗಡಿಯಲ್ಲಿ ಭಾರದ ಚೌಕಟ್ಟೊಂದನ್ನು ಅವಳ ಮೂಗಿನ ಮೇಲೆ ಕೂಡಿಸಿ, ಒಂದೊಂದೇ ಗಾಜನ್ನು ತೊಡಿಸಿ ತೆಗೆಯುತ್ತ ಅವನು ಕೇಳಿದ.

"ಇದು ಸ್ಪಷ್ಟವಾ... ಇದಾ?"

"ಮೊದಲನೇದು."

"ಈಗ?"

"ಎರಡೂ ಒಂದೇ ಥರ ಇದೆ."

"ಹಾಗೆ ಹೇಳೋರು ಕಡಿಮೆ. ತಪ್ಪಾದೀತು ಅಂತ ಯಾವುದಾದ್ರೂ ಒಂದು ಹೇಳಿಬಿಡ್ತಾರೆ."

"ಓಹೋ. ಈಗಲೂ ಜನರನ್ನ ಗುಂಪು ಮಾಡ್ತೀರಿ ಅಂತಾಯ್ತು."

ಅವನ ಕೈ ತಡೆಯಿತು. "ಅಭ್ಯಾಸ. ಬಿಡ್ತಾ ಇದೀನಿ."

"ನಾನು ಯಾವ ಗುಂಪು?"

ಗಾಜುಗಳಾಚೆ ಅವನ ಮುಖ ಮಸುಕಾಗಿತ್ತು. ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಗೊತ್ತಾಗ್ತಿಲ್ಲ. ಅದಕ್ಕೇ ಇರಬೇಕು... ಮತ್ತೆ ಮತ್ತೆ ನಿಮ್ಮನ್ನೇ ಯೋಚನೆ ಮಾಡ್ತೀನಿ."

ಮಾತು ಬದಲಿಸಲೆಂದು, "ಆ ಕಂಪನಿ ಯಾಕೆ ಬಿಟ್ರಿ?" ಎಂದಳು.

"ಅತ್ತೇನ ನೋಡೋಕೆ ಅಂತ ಈ ಊರಿಗೆ ಬಂದಿದ್ದೆ. ಅವರ ಫೋನಲ್ಲಿ ಒಂದು ಜಾಹೀರಾತು ಬಂತು. ಅದು ನಾನು ಹೆಸರಿಟ್ಟ ಗುಂಪಿಗೆ ಹೋಗೋದು. 'ದೃಷ್ಟಿ ಕಳ್ಕೊಳ್ತಿರೋರು' ಅಂತ. ಊರಿಗೆಲ್ಲ ಕನ್ನಡಕ ಹಾಕಿದೋರು, ತಮ್ಮ ಕಣ್ಣು ಹೋಗ್ತಿದೆ ಅಂತ ಯಾರಿಗೂ ಹೇಳಿರಲಿಲ್ಲ. ನನಗೆ ಹಾಗೆ ಗೊತ್ತಾಯ್ತು." ಅವನು ಗಾಜನ್ನು ಪೆಟ್ಟಿಗೆಯಲ್ಲಿಟ್ಟ. "ಆಮೇಲೆ ಅಲ್ಲಿಗೆ ಹೋಗಿ ಕೂರೋಕೆ ಆಗಲಿಲ್ಲ."

ಅವಳಿಗೆ ಆ ಮಬ್ಬಿನಲ್ಲಿಯೇ ಕೈ ಚಾಚಿ ಅವನ ಕೈ ಮುಟ್ಟಬೇಕೆನ್ನಿಸಿತು. ಮುಟ್ಟಲಿಲ್ಲ.

ಬೀದಿಗೆ ಇಳಿದ ಮೇಲೆ ಅವಳೊಳಗಿನ ಕರಡು ತಿದ್ದುವವಳು ಎಚ್ಚೆತ್ತಳು.

ನನ್ನ ಕಥೆಗೆ ಇಷ್ಟು ಸರಿಯಾಗಿ ಹೊಂದೋ ಕಥೆ ಇವನಿಗೆ ಎಲ್ಲಿಂದ ಸಿಕ್ತು? ಒಂದು ಸೊಟ್ಟ ಅಕ್ಷರ ಇಲ್ಲ, ಒಂದು ಬಿಟ್ಟ ಪದ ಇಲ್ಲ... ಯಾರ ನೋವು ಎಲ್ಲಿದೆ ಅಂತ ಹುಡುಕಿ, ಅಲ್ಲೇ ಬೆರಳಿಡೋದನ್ನ ಕಲಿತವನಲ್ಲವಾ ಇವನು?

ಅವಳು ಸಂಶಯಪಟ್ಟಿದ್ದು ಅವನನ್ನು ಮಾತ್ರವಲ್ಲ, ಅವನ ಕಡೆಗೆ ವಾಲುತ್ತಿದ್ದ ತನ್ನ ಮನಸ್ಸನ್ನು ಕೂಡ. ಮರುದಿನ ಬೆಳಗ್ಗೆ ಯಂತ್ರದ ಮುಂದೆ ಕುಳಿತು, ಒತ್ತಬಾರದ ಗುಂಡಿಯನ್ನು ಒತ್ತಿದಳು.

ಅವಳನ್ನು ಇಲ್ಲಿ ಸಮರ್ಥಿಸುವುದು ಸಾಧ್ಯವಿಲ್ಲ. ಕದ್ದು ನೋಡುವವರ ವಿರುದ್ಧ ಒಂದು ಬೀದಿಯನ್ನೇ ಎಬ್ಬಿಸಿದವಳು ಅಂದು ತಾನೇ ಕದ್ದು ನೋಡಿದಳು. ಒಳ್ಳೆಯ ಉದ್ದೇಶಕ್ಕಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಆ ದೊಡ್ಡ ಕಂಪನಿಯವರೂ ಅದನ್ನೇ ಹೇಳುತ್ತಾರೆ.

ಮೊದಲು ಏನೂ ಇರಲಿಲ್ಲ. ಗಾಜಿನ ತಯಾರಕರು, ಬೀಗದ ರಿಪೇರಿ. ನಾಚಿಕೆಯಿಂದ ಗುಂಡಿಯನ್ನು ಆರಿಸಬೇಕೆಂದಿದ್ದಳು. ಅಷ್ಟರಲ್ಲಿ ಪರದೆಯ ಮೇಲೆ ಒಂದೊಂದಾಗಿ ಸಾಲುಗಳು ಮೂಡಿದವು.

ಎದೆಯ ಗಂಟು ಮತ್ತೆ ಬರುವ ಲಕ್ಷಣ.

ಅದರ ಕೆಳಗೆ ಒಂದು ಮಾತ್ರೆಯ ಹೆಸರು. ಅಮ್ಮ ವರ್ಷಗಟ್ಟಲೆ ನುಂಗಿದ ಮಾತ್ರೆ ಅದು.

ತಾಯಿಯ ಮನೆ ಮದುವೆಯಾಗದ ಮಗಳ ಹೆಸರಿಗೆ ಮಾಡಿಸುವುದು ಹೇಗೆ.

ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಇರುವ ಹೆಣ್ಣು.

ಅಮ್ಮನ ಕಾಯಿಲೆ, ಅಮ್ಮನ ಮನೆ, ತಾನು... ಮೂರನ್ನೂ ಅವನು ತಕ್ಕಡಿಗೆ ಹಾಕಿದ್ದಾನೆ. ಕನ್ನಡಕದ ನೆಪದಲ್ಲಿ ಅಮ್ಮನ ಬಾಯಿ ಬಿಡಿಸಿದ್ದಾನೆ. ಮತ್ತೆ ಮತ್ತೆ ನಿಮ್ಮನ್ನೇ ಯೋಚನೆ ಮಾಡ್ತೀನಿ ಎಂದನಲ್ಲ... ಯೋಚಿಸಿದ್ದು ಇದನ್ನೋ?

ಒಮ್ಮೆ ಅಮ್ಮನ ನೋವನ್ನು ಮಾರಿದವರನ್ನು ಅವಳಿಂದ ತಡೆಯಲಾಗಲಿಲ್ಲ. ಇನ್ನೊಮ್ಮೆ ಹಾಗಾಗಲು ಬಿಡಲಾರಳು.

*

ಅವನನ್ನು ಪೂರ್ಣ ಸದಸ್ಯನಾಗಿ ಒಪ್ಪಿಕೊಳ್ಳಲು ಕರೆದ ಸಭೆ ಭಾನುವಾರ ಬೆಳಗ್ಗೆ ಸೇರಿತು. ಅಚ್ಚಿನ ಯಂತ್ರಗಳಿಗೆ ಅಂದು ಬಿಡುವು. ಕೋಣೆಯಲ್ಲಿ ಮಸಿಯ ವಾಸನೆ ಮಾತ್ರ ಇತ್ತು. ಅಮ್ಮನೂ ಬಂದು ಚಿಕ್ಕಪ್ಪನ ಪಕ್ಕದಲ್ಲಿ ಕುಳಿತಿದ್ದಳು.

"ಇನ್ನೇನು, ಜಾಮೀನು ಬಿಡಿಸಿ ಒಳಗೆ ಕರ್ಕೊಳ್ಳೋಣ," ಎಂದಳು ಹೊಲಿಗೆ ಅಂಗಡಿಯಾಕೆ. "ನನ್ನ ಹಳೇ ಕಂಪ್ಯೂಟರಿಗೂ ಜೀವ ತುಂಬಿದಾನೆ ಪುಣ್ಯಾತ್ಮ."

"ಸ್ವಲ್ಪ ತಡೀರಿ," ಎಂದು ಅವಳು ಎದ್ದಳು. "ನಾನು ಇವರ ಪ್ರಶ್ನೆಗಳನ್ನ ನೋಡಿದೀನಿ."

"ನೋಡಿದೀಯಾ?" ಚಿಕ್ಕಪ್ಪನ ದನಿ ಕುಗ್ಗಿತ್ತು. "ನೋಡಬಾರದು ಅಂತ ಮೊದಲು ಹೇಳಿದವಳೇ ನೀನಲ್ವೇನೆ?"

"ತಪ್ಪು. ಒಪ್ಕೋತೀನಿ. ಆದರೆ ಏನು ಕೇಳಿದಾರೆ ಅಂತ ನೀವೂ ಕೇಳಿ, ಆಮೇಲೆ ನನ್ನ ಬೈರಿ." ಅವಳು ಅಂದು ನಕಲು ಮಾಡಿಟ್ಟುಕೊಂಡಿದ್ದ ಹಾಳೆಯನ್ನು ಬಿಚ್ಚಿ, ಕರಡು ಓದುವ ಸ್ಪಷ್ಟವಾದ ದನಿಯಲ್ಲಿ ಓದಿದಳು. ಗಂಟು. ಮಾತ್ರೆ. ಮನೆ. ಒಬ್ಬಳೇ ಇರುವ ಹೆಣ್ಣು.

ಅವನ ಮುಖ ಬಿಳಿಚಿತು. ಆದರೆ ಅವನು ನೋಡಿದ್ದು ಅವಳನ್ನಲ್ಲ. ಅಮ್ಮನನ್ನು ಒಮ್ಮೆ ನೋಡಿ, ಕೂಡಲೇ ನೋಟ ಕಿತ್ತುಕೊಂಡು ನೆಲ ನೋಡಿದ.

"ಇದು ನಿಮ್ಮ ಯಂತ್ರದಿಂದ ಬಂದಿದ್ದು ತಾನೇ?"

"ಹೌದು."

"ನೀವೇ ಕೇಳಿದ್ದಾ?"

"ಹೌದು. ನಾನೇ ಕೇಳಿದ್ದು."

"ಯಾಕೆ?"

"ಅದಕ್ಕೆ ಉತ್ತರ ಇಲ್ಲ. ನನ್ನನ್ನ ಸೇರಿಸ್ಕೋಬೇಡಿ. ಇಲ್ಲಿಗೆ ಬಿಟ್ಟುಬಿಡಿ, ಇನ್ನೇನೂ ಓದಬೇಡಿ... ದಯವಿಟ್ಟು."

"ಥೂ," ಎಂದಳು ಹೊಲಿಗೆ ಅಂಗಡಿಯಾಕೆ. "ಎಂಥ ಮುಖ ಇಟ್ಕೊಂಡು ಎಂಥ ಬುದ್ಧಿ."

"ಎದ್ದು ನಡೀರಿ," ಎಂದರು ಚಿಕ್ಕಪ್ಪ.

ಅವನು ಎದ್ದ.

"ಕೂತ್ಕೊಳಪ್ಪ."

ಮಾತಾಡಿದ್ದು ಅಮ್ಮ. ಮಡಿಲಲ್ಲಿದ್ದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಯಾರನ್ನೂ ನೋಡದೆ ಹೇಳಿದಳು.

"ಅದೆಲ್ಲ ಕೇಳಿದ್ದು ನಾನು."

"ಅಮ್ಮ, ಬೇಡ..." ಎಂದ ಅವನು.

"ಇನ್ನು ಬೇಡ ಅಂದು ಏನಪ್ಪ ಉಳೀತು? ಬೀದಿಯೆಲ್ಲ ಕೇಳಿಸ್ಕೊಂಡಾಯ್ತು." ಅಮ್ಮ ಮಗಳ ಕಡೆ ತಿರುಗಿದಳು. "ಸ್ನಾನ ಮಾಡುವಾಗ ಕೈಗೆ ಏನೋ ಗಟ್ಟಿಯಾಗಿ ಸಿಕ್ತು. ತೋರಿಸಿ, ಏನು ಅಂತ ತಿಳ್ಕೊಂಡು, ಆಮೇಲೆ ನಿನಗೆ ಹೇಳೋಣ ಅಂದ್ಕೊಂಡೆ. ಮನೆಯಿಂದ ಕೇಳಿದ್ರೆ ನಿನ್ನ ಯಂತ್ರದ ಮೇಲೆ ಹೋಗುತ್ತೆ, ನಿನ್ನ ಕಣ್ಣಿಗೆ ಬೀಳುತ್ತೋ ಏನೋ ಅಂತ ಭಯ. ಕನ್ನಡಕ ಹಾಕಿಸ್ಕೊಳ್ಳೋಕೆ ಹೋದಾಗ, ನನ್ನ ಟ್ಯಾಬನ್ನ ನಿನ್ನ ಅಂಗಡಿ ಯಂತ್ರಕ್ಕೆ ಜೋಡಿಸಿಕೊಡಪ್ಪ ಅಂತ ಇವನಿಗೆ ಹೇಳಿದೆ. ಯಾಕೆ ಅಂತ ಇವನು ಕೇಳಲೂ ಇಲ್ಲ."

ಮಗಳಿಂದ ಮುಚ್ಚಿಡಲೆಂದು ತಾಯಿ ಆರಿಸಿಕೊಂಡ ದಾರಿ ಮಗಳ ಯಂತ್ರದೊಳಗಿಂದಲೇ ಹಾದುಹೋಗಿತ್ತು. ಜಾಮೀನಿನ ಕಟ್ಟುಪಾಡು ಅಮ್ಮನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

"ನಿಮಗೆ ಗೊತ್ತಿತ್ತಲ್ಲ," ಎಂದಳು ಅವಳು. "ನಿಮ್ಮದೆಲ್ಲ ನನ್ನ ಮೂಲಕ ಬರುತ್ತೆ ಅಂತ..."

"ಗೊತ್ತಿತ್ತು. ನೀವು ನೋಡಲ್ಲ ಅಂತ ನಂಬಿದ್ದೆ."

ಅವಳು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಮ್ಮ ಎದ್ದು ನಿಂತಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಗಳು ತಾಳಿಕೊಳ್ಳುತ್ತಿದ್ದಳು.

"ಹೋದ ಸಲ ನನ್ನ ಕಾಯಿಲೇನ ಜಾಹೀರಾತು ಹೇಳ್ತು. ಈ ಸಲ ನೀನು ಹೇಳಿದೆ. ನನ್ನ ಬಾಯಿಂದ ಹೇಳೋಕೆ ಯಾರೂ ಬಿಡ್ಲಿಲ್ಲ ನೋಡು."

*

ಆಸ್ಪತ್ರೆಗೆ ತಾಯಿ ಮಗಳು ಒಟ್ಟಿಗೆ ಹೋದರು. ಪರೀಕ್ಷೆಯ ಉತ್ತರ ಬಂದಾಗ, ಹಳೆಯ ಶಸ್ತ್ರಚಿಕಿತ್ಸೆಯ ಕಲೆ ಗಟ್ಟಿಯಾಗಿದೆ, ಸದ್ಯಕ್ಕೆ ಹೆದರುವಂಥದ್ದೇನಿಲ್ಲ, ಆಗಾಗ ಬಂದು ತೋರಿಸಿ ಎಂದರು ವೈದ್ಯರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಅಮ್ಮ, "ಸದ್ಯ, ಮನೆ ನಿನ್ನ ಹೆಸರಿಗೆ ಮಾಡಿಸೋ ಓಡಾಟ ತಪ್ತು," ಎಂದು ನಕ್ಕಳು. ಮಗಳು ಅಮ್ಮನ ಭುಜದಲ್ಲಿ ಮುಖವಿಟ್ಟು ಅತ್ತಳು.

ಅಮ್ಮ ತಲೆ ನೇವರಿಸಿದಳು. ಆದರೂ ಮನೆಯಲ್ಲಿ ಏನೋ ಬದಲಾಗಿತ್ತು. ಅವಳು ಕೋಣೆಗೆ ಕಾಲಿಟ್ಟರೆ ಅಮ್ಮ ಟ್ಯಾಬನ್ನು ಮೆಲ್ಲಗೆ ಮಗುಚಿಡುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ, ಕೈಗೆ ಹತ್ತಿಬಿಟ್ಟಿತ್ತು. ಒಂದು ಮಧ್ಯಾಹ್ನ ಅದನ್ನು ಕಂಡ ಅವಳು ಹೊಸ್ತಿಲಲ್ಲಿಯೇ ನಿಂತಳು.

"ಅಮ್ಮ, ಒಳಗೆ ಬರಲಾ?"

ಅಮ್ಮ ಆಶ್ಚರ್ಯದಿಂದ ನೋಡಿದಳು. "ಇದೇನೇ ಹೊಸ ಮರ್ಯಾದೆ?"

"ಕೇಳಿ ಬರೋಣ ಅಂತ."

"ಬಾ." ಅಮ್ಮ ಸ್ವಲ್ಪ ಸರಿದು ಮಂಚದಲ್ಲಿ ಜಾಗ ಮಾಡಿದಳು. ಆಮೇಲೆ ಕೇಳಿದಳು: "ಆ ಹುಡುಗನ ಹತ್ರ ಹೋಗಿದ್ಯಾ?"

"ಯಾವ ಮುಖ ಹೊತ್ಕೊಂಡು ಹೋಗಲಿ?"

"ಇರೋದೇ ಒಂದು ಮುಖ. ಅದನ್ನೇ ಹೊತ್ಕೊಂಡು ಹೋಗು. ಮಾಡದ ತಪ್ಪನ್ನ ನನ್ನ ಮಾನಕ್ಕೋಸ್ಕರ ತಲೆ ಮೇಲೆ ಹಾಕ್ಕೊಂಡ. ಅಂಥವರನ್ನ ಬೀದೀಲಿ ಕಳ್ಕೋಬಾರದು ಕಣೆ."

ಮೊದಲು ಅವಳು ನೆರೆಜಾಲದ ಸಭೆಗೆ ಹೋದಳು. ಯಾರ ಮುಂದೆ ಓದಿದ್ದಳೋ ಅವರ ಮುಂದೆಯೇ ನಿಂತು, ತಾನು ಮಾಡಿದ್ದಕ್ಕೆ ಹೆಸರಿಟ್ಟಳು: ಕಳವು. ತನ್ನ ಜಾಮೀನಿನ ಅಧಿಕಾರವನ್ನು ಬಿಟ್ಟುಕೊಟ್ಟಳು. ಆ ಗುಂಡಿಯನ್ನೇ ಯಂತ್ರಗಳಿಂದ ಕಿತ್ತುಹಾಕಬೇಕೆಂದಳು.

"ಮಾತು ಕೊಟ್ಟಿದ್ವಿ ಅನ್ನೋದನ್ನೇ ನೆಚ್ಕೊಂಡಿದ್ವಿ. ನನ್ನಂಥವಳೇ ಆ ಮಾತು ಮುರಿದ ಮೇಲೆ ಅದು ಯಾರ ಕೈಗೂ ಸಿಗಬಾರದು. ಪುಟಗಳನ್ನ ಪರೀಕ್ಷೆ ಮಾಡೋಣ. ಪ್ರಶ್ನೆ ಮಾತ್ರ ಜಾಮೀನು ನಿಂತವರಿಗೂ ಕಾಣದ ಹಾಗೆ ಬೀಗ ಹಾಕಿ ಹೋಗಲಿ."

"ಅದನ್ನ ಮಾಡೋಕೆ ಬರೋನು ಒಬ್ಬನೇ," ಎಂದರು ಚಿಕ್ಕಪ್ಪ, ಗಡ್ಡ ಕೆರೆಯುತ್ತ. "ಅವನಿಗೆ ನಾವು ಎದ್ದು ನಡಿ ಅಂದ್ವಿ, ಆಮೇಲೆ ಈ ಕಡೆ ಬಂದೇ ಇಲ್ಲ."

ಹೊಲಿಗೆ ಅಂಗಡಿಯಾಕೆ ತಲೆ ತಗ್ಗಿಸಿದಳು. "ನಾನಂತೂ ಥೂ ಅಂದುಬಿಟ್ಟೆ."

*

ಕನ್ನಡಕದ ಅಂಗಡಿಯ ಯಂತ್ರ ನೆರೆಜಾಲದಿಂದ ಕಳಚಿಕೊಂಡಿತ್ತು. ಅವಳು ಒಳಗೆ ಬಂದಾಗ ಅವನು ಸಣ್ಣ ತಿರುಪುಳಿಯಿಂದ ಯಾರದೋ ಕನ್ನಡಕದ ಕಾಲು ಬಿಗಿಯುತ್ತಿದ್ದ. ತಲೆಯೆತ್ತಿ ನೋಡಿ, ಕೆಲಸ ಕೆಳಗಿಟ್ಟ.

"ಅಮ್ಮ ಹೇಗಿದಾರೆ?"

"ಚೆನ್ನಾಗಿದಾಳೆ. ಹೆದರೋದೇನಿಲ್ಲವಂತೆ."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ತನ್ನ ಮೇಲೆ ಬಿದ್ದ ಕಳಂಕಕ್ಕಿಂತ ಆ ಒಂದು ಮಾತಿಗಾಗಿ ಅವನು ಇಷ್ಟು ದಿನ ತಳಮಳಿಸಿದ್ದನೆಂಬುದು ಅವಳಿಗೆ ತಿಳಿಯಿತು.

"ಸುಳ್ಳು ಯಾಕೆ ಹೇಳಿದ್ರಿ? ನಾನೇ ಕೇಳಿದ್ದು ಅಂತ."

"ಆ ಕಂಪನೀಲಿ ಎಷ್ಟೋ ಜನರ ನೋವು ನನ್ನ ಕೈಯಿಂದ ಹೊರಗೆ ಹೋಗಿದೆ. ಒಬ್ಬರದ್ದಾದ್ರೂ ಒಳಗೇ ಉಳೀಲಿ ಅನ್ಸಿತು."

"ನನ್ನ ಮೇಲೆ ಕೋಪ ಇರಬೇಕು."

"ಕೋಪ ಇಲ್ಲ." ಅವನು ಮಾತುಗಳನ್ನು ಆರಿಸಿಕೊಂಡು ಹೇಳಿದ. "ಭಯ ಇದೆ. ನಾಳೆ ನನ್ನ ಇನ್ನೊಂದು ಮಾತು ನಿಮಗೆ ಬೇರೆ ಥರ ಕಾಣುತ್ತೆ. ಆಗಲೂ ಹೀಗೇ ಆದ್ರೆ? ಇಷ್ಟಪಟ್ಟೋರ ಮುಂದೆ ದಿನಾ ಸಾಕ್ಷಿ ಹೇಳ್ಕೊಂಡು ಬದುಕೋಕೆ ನನ್ನಿಂದ ಆಗಲ್ಲ."

ಇಷ್ಟಪಟ್ಟೋರು... ಆ ಪದ ಅವಳನ್ನು ಮುಟ್ಟಿತು. ಅದರೊಳಗಿನ ನೋವೂ ಮುಟ್ಟಿತು.

"ಇನ್ನು ಅನುಮಾನವೇ ಪಡಲ್ಲ ಅಂತ ಹೇಳಿದ್ರೆ ಅದು ಸುಳ್ಳು," ಎಂದಳು. "ನನ್ನ ಕೆಲಸಾನೇ ಅದು, ರಕ್ತಕ್ಕೇ ಇಳಿದುಬಿಟ್ಟಿದೆ. ಆದರೆ ಒಂದು ಮಾತು ಕೊಡ್ತೀನಿ. ಅನುಮಾನ ಬಂದ್ರೆ ನಿಮ್ಮ ಬೆನ್ನ ಹಿಂದೆ ಹುಡುಕಲ್ಲ. ನಿಮ್ಮ ಮುಂದೆ ಬಂದು ಕೇಳ್ತೀನಿ. ನೀವು ಹೇಳದೆ ಇದ್ರೆ... ಹೇಳೋವರೆಗೂ ಕಾಯ್ತೀನಿ."

ಅವನು ಅವಳನ್ನೇ ನೋಡಿದ. ಈ ಸಲ ಇಬ್ಬರ ನಡುವೆ ಯಾವ ಗಾಜೂ ಇರಲಿಲ್ಲ.

"ಈಗ ಏನಾದ್ರೂ ಅನುಮಾನ ಇದ್ಯಾ?"

"ಒಂದಿದೆ."

"ಕೇಳಿ ಹಾಗಾದ್ರೆ."

ಅವಳ ಕಿವಿ ಬೆಚ್ಚಗಾಯಿತು. ಊರಿನ ತಪ್ಪುಗಳನ್ನೆಲ್ಲ ದನಿಯೆತ್ತಿ ಓದಬಲ್ಲವಳಿಗೆ ಈ ಒಂದು ವಾಕ್ಯ ತೊದಲಿತು.

"ನಾನು ಇಂಥವಳು ಅಂತ ಗೊತ್ತಾದ ಮೇಲೂ... ನನ್ನ ಜೊತೆ ಬದುಕೋಕೆ ನಿಮಗೆ ಇಷ್ಟ ಇದ್ಯಾ ಅಂತ."

ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋಕಾಗಲ್ಲ. ತುಂಬಾ ಹೇಳೋದಿದೆ."

"ಹೇಳಿ. ನನಗೇನೂ ಅವಸರ ಇಲ್ಲ."

"ಮೊದಲು ಆ ಬಾಗಿಲಿನ ಬೋರ್ಡು ತಿರುಗಿಸಿ ಬನ್ನಿ. ನಡುವೆ ಯಾರಾದ್ರೂ ಗಿರಾಕಿ ಬಂದ್ರೆ ಮಾತು ಅರ್ಧಕ್ಕೇ ನಿಂತುಹೋಗುತ್ತೆ."

ಅವಳು ಹೋಗಿ, ಅಂಗಡಿ ಮುಚ್ಚಿದೆ ಎಂಬ ಬರಹವನ್ನು ಬೀದಿಯ ಕಡೆಗೆ ತಿರುಗಿಸಿ, ಹಿಂತಿರುಗಿ ಬಂದು ಅವನೆದುರು ಕುಳಿತಳು.